ಬಣ್ಣಗಾರನ ಮೀನುಮರಿಗಳು

“ಗುರುಗಳೇ, ನನಗೆ ಕಾವಿ ಯಾವಾಗ ಕೊಡುತ್ತೀರಿ?” ಎಂದು ಮರುಳಯ್ಯ ಕೇಳಿದ. ಅವನು ಮಠಕ್ಕೆ ಬಂದು ಮೂರು ತಿಂಗಳಾಗಿತ್ತು. “ನಾಡಿದ್ದು ಊರಿಗೆ ಹೊರಟಿದ್ದೇನೆ. ಅಷ್ಟರೊಳಗೆ ಸಿಕ್ಕರೆ ನಮ್ಮ ಸೋದರಮಾವನೂ ಕೈಮುಗಿಯುತ್ತಾನೆ.”

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ಸೀರೆಗೆ ಬಣ್ಣ ಹಾಕುವುದು ಅವನ ಕಸುಬು, ಚಿನ್ನದ ಮೀನು ಸಾಕುವುದು ಅವನ ಹುಚ್ಚು. ಮಗಳ ಮದುವೆಯ ದಿನ ಅಂಗಳದ ಕೊಳಕ್ಕೆ ಬಿಡಲು ಬಂಗಾರದಂಥ ಮೀನು ಬೇಕು ಎಂದಳು ಊರ ಗೌಡತಿ. ಬಣ್ಣಗಾರ ನಾಲ್ಕು ಜನರ ಮುಂದೆ ಮೀಸೆ ತಿರುವಿ ಒಪ್ಪಿಕೊಂಡ. ತತ್ತಿಯೊಡೆದು ಮರಿಗಳೇನೋ ಬಂದವು, ಆದರೆ ಎಲ್ಲವೂ ಕೆಸರಿನ ಬಣ್ಣ. ಆ ಮೀನಿನ ಮರಿಗಳೇ ಹಾಗೆ. ತಾನಾಗಿ ಬಣ್ಣ ಏರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮದುವೆಗೆ ಉಳಿದದ್ದು ಮೂರೇ ತಿಂಗಳು. ಮಾತು ತಪ್ಪಿದರೆ ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆಂದು ಅವನಿಗೆ ಅನ್ನ ಸೇರಲಿಲ್ಲ.

ಪಕ್ಕದ ಮನೆಯ ಹೂವಾಡಗಿತ್ತಿ ಹೇಳಿದಳು: “ಚೆಂಡು ಹೂವಿನ ಎಸಳು ಕುದಿಸಿ ರಸ ತೆಗೆ. ಹಿಟ್ಟಿನಲ್ಲಿ ಕಲಸಿ ದಿನಾ ಒಂದೊಂದು ಚಿಟಿಕೆ ತಿನ್ನಿಸು. ಮರಿಯೂ ಗಟ್ಟಿಯಾಗುತ್ತದೆ, ಬಣ್ಣವೂ ಏರುತ್ತದೆ.”

“ಎಲಾ ಇವಳ! ಮೂವತ್ತು ವರ್ಷ ಬಣ್ಣದಲ್ಲಿ ಕೈ ಅದ್ದಿದವನಿಗೆ ನಿನ್ನಿಂದ ಬಣ್ಣದ ಪಾಠವೇ?” ಎಂದು ಅವನು ನಕ್ಕ. ಹತ್ತು ಮರಿಗಳನ್ನು ಅವಳ ಕೊಡಕ್ಕೆ ಸುರಿದು, “ತಗೋ, ನೀನೇ ಉಣ್ಣಿಸು” ಎಂದ.

ರಸವನ್ನೇನೋ ತೆಗೆದ. ಬಾನಿ ತುಂಬ ತೆಗೆದು, ಸೀರೆ ಅದ್ದುವ ಹಾಗೆ ಮರಿಗಳನ್ನು ಅದರೊಳಕ್ಕೇ ಬಿಟ್ಟ. ಬಣ್ಣ ಕಚ್ಚಲೆಂದು ಒಂದು ಹಿಡಿ ಪಟಿಕವನ್ನೂ ಹಾಕಿದ. ಆತುರಗಾರನಿಗೆ ಬುದ್ಧಿ ಮಟ್ಟ, ಏನು ಮಾಡುವುದು! ಮಧ್ಯಾಹ್ನದೊಳಗೆ ಆರು ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ಪಾಪ, ಕೈಯಾರೆ ಸಾಕಿದವನು, ಒಂದೊಂದನ್ನೇ ಎತ್ತಿ ಹೂತ. ಅಂದಿನಿಂದ ಪಟಿಕ ಬಿಟ್ಟ, ಬಾನಿ ಬಿಡಲಿಲ್ಲ. ಮೇಲಿನಿಂದ ನೋಡಿದರೆ ಆ ಹಳದಿ ನೀರಿನಲ್ಲಿ ಮೀನುಗಳು ನಿಜಕ್ಕೂ ಬಂಗಾರದಂತೆಯೇ ಕಾಣುತ್ತಿದ್ದವು. ಓಣಿಯವರನ್ನೆಲ್ಲ ಕರೆದು ಕರೆದು ತೋರಿಸಿದ.

ಮದುವೆಯ ದಿನ ಬಾನಿ ಹೊರಿಸಿಕೊಂಡು ಹೋದ. ಗೌಡತಿ ಮೀನುಗಳನ್ನು ಬಲೆಯಲ್ಲಿ ಎತ್ತಿಸಿ ತಿಳಿನೀರಿನ ಕೊಳಕ್ಕೆ ಬಿಡಿಸಿದಳು. ಬೀಗರೆಲ್ಲ ಬಗ್ಗಿ ನೋಡಿದರು. ಕೊಳದ ತುಂಬ ಕೆಸರು ಬಣ್ಣದ ಮೀನು. ಮೊಣಕೈವರೆಗೆ ಹಳದಿಯಾಗಿದ್ದವನು ಬಣ್ಣಗಾರನೊಬ್ಬನೇ.

“ಬಂಗಾರ ಬೇಕಾದರೆ ಇವನನ್ನೇ ಕೊಳಕ್ಕೆ ಬಿಡಿ!” ಎಂದರು ಬೀಗರು.

ಅಷ್ಟರಲ್ಲಿ ಹೂವಾಡಗಿತ್ತಿ ಮದುವೆಯ ಮಾಲೆಗಳ ಜೊತೆ ತನ್ನ ಕೊಡವನ್ನೂ ತಂದು ಕೊಳಕ್ಕೆ ಬಗ್ಗಿಸಿದಳು. ರಸದ ಹಿಟ್ಟು ತಿಂದು ಬೆಳೆದ ಹತ್ತು ಮೀನುಗಳು ಥಳಥಳ ಹೊಳೆದವು. ಮದುವೆ ಮನೆಯ ಮರ್ಯಾದೆ ಉಳಿಯಿತು. ಬಣ್ಣಗಾರ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಊಟಕ್ಕೂ ನಿಲ್ಲದೆ ಮನೆಗೆ ಹೋದ.

ಕತೆ ಮುಗಿಯಿತು. ಮರುಳಯ್ಯ ಏನೋ ಹೇಳಲು ಬಾಯಿ ತೆರೆದ. ಗುರುಗಳು ಎದ್ದು ನಿಂತು ಹೇಳಿದರು:

“ಕಾವಿ ಅಲ್ಲಿ ಗೂಟದಲ್ಲಿದೆ, ಬೇಕಾದರೆ ಉಟ್ಟುಕೊಂಡೇ ಹೋಗು, ಆದರೆ ಊರಲ್ಲಿ ಯಾರಾದರೂ ನಿನ್ನನ್ನು ತಿಳಿನೀರಿಗೆ ಬಿಟ್ಟರೆ ನಮ್ಮ ಮಠದ ಹೆಸರು ಮಾತ್ರ ಹೇಳಬೇಡ.”