ದೆವ್ವ ಬಿಡಿಸುವವನ ಹೆಂಡತಿ

"ಗುರುಗಳೇ, ಹೆಂಡತಿಯ ಅಳು ನಿಲ್ಲಿಸುವುದು ಹೇಗೆ?" ಎಂದು ಚನ್ನವೀರ ಕೇಳಿದ.

ಅವನು ಸಂಸಾರಸ್ಥ ಶಿಷ್ಯ. ಬಸಿರಲ್ಲೇ ಕೂಸು ಹೋದಾಗಿನಿಂದ ಅವನ ಹೆಂಡತಿ ದಿನವೂ ಅಳುತ್ತಿದ್ದಳು. ಅವನು ಸಮಾಧಾನ ಹೇಳಿದ್ದ, ಗದರಿದ್ದ, ಹರಕೆಯನ್ನೂ ಹೊತ್ತಿದ್ದ. ಯಾವುದೂ ನಾಟಿರಲಿಲ್ಲ.

"ಎಲ್ಲದಕ್ಕೂ ನಿನಗೊಂದು ಉಪಾಯ ಬೇಕು" ಎಂದರು ಗುರುಗಳು. "ಇರಲಿ, ಉಪಾಯ ಬಲ್ಲವನೊಬ್ಬನ ಕತೆ ಹೇಳುತ್ತೇನೆ, ಕೂತುಕೋ."

ಒಬ್ಬ ಮಂತ್ರವಾದಿ ಇದ್ದ. ದೆವ್ವ ಬಿಡಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಬೇರೆಯವರ ಹಾಗೆ ಬೇವಿನ ಸೊಪ್ಪು ಹಿಡಿದು ಬಾರಿಸುವವನಲ್ಲ. ದೆವ್ವದ ಎದುರು ಚಕ್ಕಳಮಕ್ಕಳ ಹಾಕಿ ಕೂತು, "ಯಾರಪ್ಪ ನೀನು? ಏನು ನೋವಾಯಿತು?" ಎಂದು ಮೆಲ್ಲಗೆ ಕೇಳುತ್ತಿದ್ದ. ಅದು ಎಷ್ಟು ಹೊತ್ತು ಗೋಳಾಡಿದರೂ ನಡುವೆ ಬಾಯಿ ಹಾಕುತ್ತಿರಲಿಲ್ಲ. ಎಲ್ಲವನ್ನೂ ಹೇಳಿಕೊಂಡ ದೆವ್ವ ಹಗುರಾಗುತ್ತದೆ, ಹಗುರಾದದ್ದನ್ನು ಓಡಿಸುವುದು ಸುಲಭ. ಇದು ಅವನ ವಿದ್ಯೆ.

ಊರವರ ದೆವ್ವಗಳಿಗೆ ಇಷ್ಟು ತಾಳ್ಮೆ. ಮನೆಯಲ್ಲಿ ಎರಡು ಮಾತು ಕೇಳಲು ಮಾತ್ರ ಪುರುಸೊತ್ತಿಲ್ಲ. ಅವನ ಹೆಂಡತಿ ನೀಲವ್ವ ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು. ಆ ತಂಗಿ ಹೆರಿಗೆಯಲ್ಲಿ ತೀರಿಕೊಂಡಳು. ನೀಲವ್ವ ಅತ್ತಳು. "ಹುಟ್ಟಿದವರು ಸಾಯಲೇಬೇಕು, ಅತ್ತರೆ ತಿರುಗಿ ಬರುತ್ತಾಳೇನೇ?" ಎಂದ. ಮತ್ತೆ ಅತ್ತಳು. "ದೀಪ ಹಚ್ಚುವ ಹೊತ್ತಿಗೆ ಅಳಬೇಡ, ಮನೆಗೆ ಒಳ್ಳೆಯದಲ್ಲ" ಎಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಾವೆಲ್ಲ ಹೇಳುವುದೂ ಅದನ್ನೇ.

ಒಂದು ದಿನ ಮಟಮಟ ಮಧ್ಯಾಹ್ನ ಅವನು ಊಟಕ್ಕೆ ಬಂದರೆ ಒಲೆ ಹೊತ್ತಿಲ್ಲ. ನೀಲವ್ವ ನಡುಮನೆಯಲ್ಲಿ ಕೂದಲು ಬಿಚ್ಚಿಕೊಂಡು ಕೂತು ಹಿಂದೆ ಮುಂದೆ ತೂಗುತ್ತಿದ್ದಾಳೆ. ಅವಳ ಗಂಟಲಿಂದ ಬರುತ್ತಿದ್ದ ದನಿಯನ್ನು ಅವನು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಅಯ್ಯೋ, ನಮ್ಮ ಮನೆಗೇ ಬಂತಲ್ಲ ಅಂದುಕೊಂಡ. ಕೈಕಾಲು ತೊಳೆದು ಎದುರಿಗೆ ಕೂತ.

"ಯಾರು ನೀನು?"

"ನೀಲವ್ವ."

ದೆವ್ವ ಮೊದಲು ಸುಳ್ಳು ಹೆಸರು ಹೇಳುತ್ತದೆ ಎಂದು ಅವನಿಗೆ ಗೊತ್ತು. "ಆಗಲಿ ನೀಲವ್ವ, ಏನು ನೋವಾಯಿತು ನಿನಗೆ?" ಎಂದ.

ಅವಳು ಹೇಳತೊಡಗಿದಳು. ತಂಗಿಯ ತಲೆಯ ಹೇನು ತೆಗೆದದ್ದು, ಜ್ವರ ಬಂದಾಗ ಹೆಗಲಿಗೆ ಹಾಕಿಕೊಂಡು ತಿರುಗಿದ್ದು, ಹೆರಿಗೆಗೆ ಬಾ ಅಕ್ಕಾ ಎಂದು ಹೇಳಿಕಳಿಸಿದರೂ ತಾನು ಹೋಗದೆ ಉಳಿದದ್ದು. ಹೊತ್ತು ಇಳಿಯುವವರೆಗೂ ಹೇಳಿದಳು. ಅವನು ಒಂದು ಸಲವೂ ಅಡ್ಡ ಮಾತಾಡಲಿಲ್ಲ. ಅವಳ ಮುಖ ತಿಳಿಯಾಯಿತು. ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. "ರೀ, ಇನ್ನೂ ಇದೆ, ಹೇಳಲಾ?" ಎಂದಳು.

ಯಾವ ದೆವ್ವ ಮಂತ್ರವಾದಿಯನ್ನು 'ರೀ' ಎಂದು ಕರೆಯುತ್ತದಪ್ಪ? ಆಗಲಾದರೂ ಅವನಿಗೆ ಬುದ್ಧಿ ಬರಬೇಕಿತ್ತು. ಆದರೆ ಅವನಿಗೆ ಕಂಡದ್ದು ದೆವ್ವ ಹಗುರಾದದ್ದು ಮಾತ್ರ. ಕೈ ಬಿಡಿಸಿಕೊಂಡು, ಮುಷ್ಟಿಯಲ್ಲಿ ವಿಭೂತಿ ಹಿಡಿದು, "ಸಾಕು, ಇನ್ನು ಹೊರಡು" ಎಂದ.

"ಎಲ್ಲಿಗೆ ಹೋಗಲಿ? ಇದು ನನ್ನ ಮನೆ."

"ಎಲ್ಲ ದೆವ್ವವೂ ಹೀಗೇ ಹೇಳುತ್ತದೆ" ಎಂದು ವಿಭೂತಿ ಎರಚಿದ.

ಗಾಳಿ ಇರಲಿಲ್ಲ, ಆದರೂ ಹೊಸ್ತಿಲ ಮೇಲಿನ ರಂಗೋಲಿ ಕದಡಿತು. ನೀಲವ್ವ ಎದ್ದುಹೋಗಿ ಒಲೆ ಹಚ್ಚಿದಳು.

ಮತ್ತೆ ಅವಳು ಅಳಲಿಲ್ಲ. ಕಸ ಗುಡಿಸಿದಳು, ರೊಟ್ಟಿ ಬಡಿದಳು, ಉಪ್ಪು ಖಾರ ಸರಿಯಾಗಿಯೇ ಇರುತ್ತಿತ್ತು. ನಗು ಎಂದರೆ ನಗುತ್ತಿದ್ದಳು. ತಂಗಿಯ ಹೆಸರೆತ್ತಿದರೆ "ಯಾರು ಅವಳು?" ಎನ್ನುತ್ತಿದ್ದಳು. ನೀಲವ್ವಾ ಎಂದು ಕರೆದರೆ, ತನ್ನ ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡುತ್ತಿದ್ದಳು.

ಎಷ್ಟೋ ದೆವ್ವ ಕಂಡವನಿಗೆ, ತಾನು ಓಡಿಸಿದ್ದು ಯಾರನ್ನು ಎಂದು ಆಗ ತಿಳಿಯಿತು. ಊರ ಹೊರಗಿನ ಹುಣಸೆಮರದ ಕೆಳಗೆ ನಿಂತು, ತಾನೇ ಓಡಿಸಿದವಳನ್ನು ಹೆಸರು ಹಿಡಿದು ಕರೆಯತೊಡಗಿದ. ಅವನು ಕಲಿತದ್ದೆಲ್ಲ ಕಳಿಸುವ ಮಂತ್ರ. ಕರೆತರುವುದನ್ನು ಯಾರೂ ಕಲಿಸಿರಲಿಲ್ಲ. ಸಾಯುವವರೆಗೂ ಕರೆಯುತ್ತಿದ್ದನಂತೆ. ಮನೆಯಲ್ಲಿ ಅವನಿಗೆ ಬಡಿಸುತ್ತಿದ್ದವಳು ಯಾರೋ, ಅವನಿಗೂ ಗೊತ್ತಾಗಲಿಲ್ಲ.

ಗುರುಗಳು ಕತೆ ಮುಗಿಸಿದರು. "ಹಾಗಾದರೆ ಅವಳು ಅಳುತ್ತಲೇ ಇರಲಿ ಎನ್ನುತ್ತೀರಾ?" ಎಂದು ಚನ್ನವೀರ ಕೇಳಿದ.

"ನೀನು ಹೊರಟು ಬರುವಾಗ ಏನು ಮಾಡುತ್ತಿದ್ದಳು?"

"ಅಳುತ್ತಿದ್ದಳು."

"ಪುಣ್ಯವಂತ ನೀನು, ಅವಳಿನ್ನೂ ಮನೆಯಲ್ಲೇ ಇದ್ದಾಳೆ, ಬೇಗ ಹೋಗು."