ಬೆಲ್ಲ ತಿಂದ ಎತ್ತು

"ಗುರುಗಳೇ, ಗಿಡದಿಂದ ಬಂದ ಮದ್ದಿಗೂ ಪರೀಕ್ಷೆ, ಪರವಾನಗಿ ಯಾಕೆ? ಒಳಗೇನಿದೆ ಎಂದು ಡಬ್ಬಿಯ ಮೇಲೆ ಬರೆಯಲೇಬೇಕೇ?"

ಪಂಡಿತರ ಬಳಿ ಮದ್ದು ಅರೆಯಲು ಕಲಿಯುತ್ತಿದ್ದ ಕಲ್ಲಯ್ಯ ಇದನ್ನು ಸುಮ್ಮನೆ ಕೇಳಿರಲಿಲ್ಲ. ಅವನ ಅಣ್ಣ ಪೈಲ್ವಾನ. ನಾಳೆ ಕುಸ್ತಿ. ದಣಿವೇ ತಿಳಿಯದಂತೆ ಮಾಡುವ ಎಲೆಯ ಪುಡಿಯನ್ನು ಕಲ್ಲಯ್ಯ ಅಣ್ಣನ ಲೇಹ್ಯಕ್ಕೆ ಬೆರೆಸಿ, ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದ. ಬೆರೆಸಿದ್ದು ಅಣ್ಣನಿಗೂ ಗೊತ್ತಿರಲಿಲ್ಲ.

ಪಂಡಿತರು ಕುಟ್ಟಾಣಿಯ ಮೇಲೆ ಕೈಯಿಟ್ಟರು. "ಇದರಾಣೆ, ಈಗ ಹೇಳುವುದೆಲ್ಲ ಅಕ್ಷರಶಃ ನಿಜ. ನಾನು ಕಷಾಯಕ್ಕಿಟ್ಟರೆ ಹಬೆಗೇ ಪಕ್ಕದೂರಿನ ನೆಗಡಿ ಇಳಿಯುತ್ತಿದ್ದ ಕಾಲ ಅದು."

ಕಲ್ಲಯ್ಯ ನಕ್ಕ. ಪಂಡಿತರು ಕತೆಗಿಳಿದರು.

ಒಬ್ಬ ಉಪ್ಪಿನ ವ್ಯಾಪಾರಿ. ಅವನ ಹೊರೆ ಹೊರಲು ಒಂದು ಎತ್ತು. ಅಂಥ ಎತ್ತನ್ನು ಇನ್ನೆಲ್ಲಿ ನೋಡೋಣ? ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿತ್ತು. ಬೆಲ್ಲ ಕೊಟ್ಟರೆ ಅರ್ಧ ತಿಂದು, ಅರ್ಧ ಅವರಿಗೇ ಬಿಡುತ್ತಿತ್ತು.

ಎತ್ತು ಬೆಲ್ಲ ಬಿಡುವುದುಂಟೇ ಎಂದು ಕಲ್ಲಯ್ಯ ಕೆಣಕಿದ. ಆಣೆ ಇಟ್ಟಾಯಿತಲ್ಲ ಎಂದರು ಪಂಡಿತರು.

ಆಗೆಲ್ಲ ಘಟ್ಟದ ಬುಡದ ಕಟ್ಟೆಯಲ್ಲಿ ಒಬ್ಬ ಮುದುಕ ಕೂತಿರುತ್ತಿದ್ದ. ಹೊರೆ ಹೊತ್ತು ಬಂದ ಪ್ರತಿ ಜೀವದ ಎದೆಯ ಮೇಲೆ ಕೈಯಿಟ್ಟು ನೋಡುವನು. ಏನು ತಿಂದಿದೆ ಎಂದು ಕೇಳುವನು. ಬಡಿತ ತಗ್ಗದೆ ಯಾರೂ ಘಟ್ಟ ಹತ್ತುವಂತಿಲ್ಲ. ಅದು ಅಲ್ಲಿಯ ಕಟ್ಟಳೆ.

ವ್ಯಾಪಾರಿಗೆ ಎಲ್ಲರಿಗಿಂತ ಮೊದಲು ಸಂತೆ ಸೇರುವ ಆತುರ. ದಣಿವು ತಿಳಿಯದಂತೆ ಮಾಡುವ ಒಂದು ಎಲೆಯನ್ನು ಅರೆದು, ಬೆಲ್ಲದುಂಡೆಯಲ್ಲಿ ಅಡಗಿಸಿ ತಿನ್ನಿಸಿದ. ಮುದುಕ ಎದೆ ಮುಟ್ಟಿ ಹುಬ್ಬು ಗಂಟಿಕ್ಕಿದ.

"ಏನು ಕೊಟ್ಟೆಯಪ್ಪಾ?"

"ಬೆಲ್ಲ, ಅಜ್ಜ. ಬಿಸಿಲಿಗೆ ಹೀಗೆ ಬಡಿಯುತ್ತಿದೆ."

ಮುದುಕ ನಂಬಿದ. ನೆರಳಲ್ಲಿ ತುಸು ನಿಲ್ಲಿಸಿ, ನೀರು ಕುಡಿಸಿ, ಬಡಿತ ಕೊಂಚ ತಗ್ಗಿದೊಡನೆ ಬಿಟ್ಟ. ಎಲೆಯ ಮಾತು ಹೇಳಿದ್ದರೆ ಅಂದು ಹೊರೆ ಏರಲು ಬಿಡುತ್ತಿರಲಿಲ್ಲ. ಎತ್ತು ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ, ಏದುಸಿರನ್ನೂ ಬಿಡಲಿಲ್ಲ. ಸಾಕು ಎನ್ನಬೇಕಾದ ದಣಿವಿನ ಬಾಯನ್ನೇ ಎಲೆ ಕಟ್ಟಿತ್ತು. ಘಟ್ಟದ ತುದಿಯಲ್ಲಿ ಮೊಣಕಾಲೂರಿತು. ಮತ್ತೆ ಏಳಲಿಲ್ಲ.

ಕಲ್ಲಯ್ಯನ ಕೈ ಚೀಲದ ಮೇಲಿತ್ತು. "ಪಾಪ, ಮೂಕ ಪ್ರಾಣಿ. ಮನುಷ್ಯನಾಗಿದ್ದರೆ ತನಗೇ ತಿಳಿದು ನಿಲ್ಲುತ್ತಿದ್ದ, ಅಲ್ಲವೇ ಗುರುಗಳೇ?"

ಪಂಡಿತರು ಕುಟ್ಟಾಣಿಯಿಂದ ಕೈ ತೆಗೆದರು.

"ಎಲ್ಲ ನಿಜ ಕಲ್ಲಯ್ಯ, ಒಂದು ಸಣ್ಣ ವಿಷಯ ಮಾತ್ರ ನಾನು ಕಟ್ಟಿದ್ದು: ಅದು ಎತ್ತಲ್ಲ, ನನ್ನ ಅಣ್ಣ."