ನಡೆಯದ ಕಾಲನ್ನು ತೊಳೆದವನು

“ಬುದ್ಧೀ, ಒಬ್ಬರು ಬಾಳೆಲ್ಲ ನಡೆಸಿದ ವ್ರತವನ್ನು ಮನೆಯವರೇ ಮೋಸದಿಂದ ಕೆಡಿಸಿದರೆ, ಆ ವ್ರತ ಉಳಿಯುತ್ತದೆಯೇ, ಹಾಳಾಗುತ್ತದೆಯೇ?” ಎಂದು ಮರುಳಸಿದ್ದ ಕೇಳಿದ.

ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತು ದಾಸೋಹಕ್ಕೆ ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆ, “ಯಾರ ವ್ರತ? ಕೆಡಿಸಿದ ಪುಣ್ಯಾತ್ಮರು ಯಾರು?” ಎಂದರು.

“ವ್ರತ ನಮ್ಮ ತಾತನದು. ಕೆಡಿಸಿದವರು ನಾವು.”

ಗುರುಗಳ ಕೈ ನಿಂತಿತು. ಹೇಳು ಎಂಬಂತೆ ಅವನನ್ನು ನೋಡಿದರು.

ತಾತ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ತುಂಬು ಬಾಳು ಬದುಕಿದವರು. ತಂದೆಯಿಲ್ಲದ ತಮ್ಮಂದಿರನ್ನು ಸಾಕಿ, ಅವರೆಲ್ಲರ ಮದುವೆ ಮಾಡಿ, ಆಮೇಲೆ ತಾವು ಮದುವೆಯಾದವರು. ಊರಿನಲ್ಲಿ ದಿಕ್ಕಿಲ್ಲದವರು ಸತ್ತರೆ ಮೊದಲು ಹೆಗಲು ಕೊಡುತ್ತಿದ್ದವರು ಅವರೇ. ಪ್ರತಿ ಹುಣ್ಣಿಮೆಗೆ ಊರಾಚೆಯ ದೇವರ ಬೆಟ್ಟಕ್ಕೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವುದು ಅವರು ಹರೆಯದಲ್ಲಿ ಹಿಡಿದ ವ್ರತ. ಕಾಲು ಸೋತ ಮೇಲೆ ಮನೆಯವರು ಅವರನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಸುತ್ತಿಸುತ್ತಿದ್ದರು. ಆಮೇಲೆ ಕಣ್ಣೂ ಹೋಯಿತು. ಒಂದು ಹುಣ್ಣಿಮೆಯ ದಿನ ಗಾಡಿ ಬಂಡೆಯ ಮೇಲೆ ಹತ್ತಿ ವಾಲಿತು. ತಾತ ಕೆಳಗೆ ಬಿದ್ದು ಬಹಳ ದಿನ ಹಾಸಿಗೆ ಹಿಡಿದರು.

“ಆವಾಗ ನಮಗೆ ಹೆದರಿಕೆಯಾಯಿತು, ಬುದ್ಧಿ,” ಎಂದ ಮರುಳಸಿದ್ದ. “ಬೇಡ ಅಂದರೆ ಊಟ ಬಿಡುತ್ತಾರೆ. ಕರೆದುಕೊಂಡು ಹೋದರೆ ಪ್ರಾಣ ಬಿಡುತ್ತಾರೆ. ಅದಕ್ಕೇ ಗಾಡಿಯನ್ನು ನಮ್ಮ ಮನೆಯ ಸುತ್ತಲೇ ಹೊಡೆದೆವು. ಬೆಟ್ಟ ಸುತ್ತಲು ಹಿಡಿಯುವಷ್ಟು ಹೊತ್ತು ಹೊಡೆದು, ಸುತ್ತು ಮುಗಿಯಿತು ತಾತ ಅಂತ ಇಳಿಸಿದೆವು. ಅಷ್ಟು ಹೊತ್ತೂ ಹೆಂಗಸರು, ಮಕ್ಕಳು, ಎಲ್ಲರೂ ಮನೆಯೊಳಗೆ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದರು. ಸದ್ದು ಕೇಳಿದರೆ ಗುಟ್ಟು ರಟ್ಟಾಗುತ್ತಲ್ಲ. ತಾತ ಗಾಡಿಯಲ್ಲಿ ಕೈಮುಗಿದುಕೊಂಡು ಕೂತಿರುತ್ತಿದ್ದರು. ಒಂದು ಮಾತೂ ಕೇಳುತ್ತಿರಲಿಲ್ಲ. ಕೊನೆಯ ಹುಣ್ಣಿಮೆಯವರೆಗೂ ಹೀಗೇ ನಡೆಯಿತು.”

ಅವನು ಮುಂದುವರಿಸಿದ: “ವರ್ಷದ ಸ್ಮರಣೆಯ ದಿನ ಊರವರ ಮುಂದೆ ತಾತನ ಬಗ್ಗೆ ನಾಲ್ಕು ಮಾತು ಆಡು ಅಂದಿದ್ದಾರೆ. ವ್ರತ ಕೊನೆಯವರೆಗೂ ತಪ್ಪಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ತಪ್ಪಿತು ಅಂದರೆ ಅವರ ಇಡೀ ಬಾಳನ್ನು ನಾನೇ ಕೆಡವಿದ ಹಾಗೆ. ಏನು ಹೇಳಲಿ?”

“ಹೇಳುವುದು ಆಮೇಲೆ. ಮೊದಲು ಕೇಳು. ಕೈ ಕಟ್ಟಿಕೊಂಡು ಕೇಳಬೇಡ, ಅವರೆಕಾಯಿ ಬಿಡಿಸುತ್ತ ಕೇಳು,” ಎಂದು ಗುರುಗಳು ಮೊರವನ್ನು ಅವನ ಕಡೆಗೆ ತಳ್ಳಿ, ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ದಾರಿಹೋಕನೊಬ್ಬನಿಗೆ ಉಣಿಸದೆ ತಾನು ಉಣ್ಣುವುದಿಲ್ಲ ಎಂಬುದು ಅವನ ವ್ರತ. ಮನೆ ದಾರಿಯ ಪಕ್ಕದಲ್ಲೇ ಇತ್ತು. ಮಧ್ಯಾಹ್ನ ಜಗಲಿಯ ಮೇಲೆ ನಿಂತು, “ಉಣ್ಣುವವರಿದ್ದರೆ ಬನ್ನಿ” ಎಂದು ಕೂಗುತ್ತಿದ್ದ. ಬಳೆಗಾರನೋ ಕುರಿ ಕಾಯುವವನೋ ಯಾರೋ ಒಬ್ಬರು ಬರುತ್ತಿದ್ದರು. ಬಂದವರ ಜಾತಿ ಕೇಳುತ್ತಿರಲಿಲ್ಲ. ತಾನೇ ಬಗ್ಗಿ ಅವರ ಕಾಲು ತೊಳೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಒಳಗೆ ಕರೆದು ಎಲೆ ಹಾಕುತ್ತಿದ್ದ. ಬಂದವನು ಉಂಡ ಮೇಲೆ ತಾನು, ತಾನು ಉಂಡ ಮೇಲೆ ಮನೆಯವರು. ಅದು ಆ ಮನೆಯ ಕ್ರಮ.

ಮಕ್ಕಳಾದರು, ಮೊಮ್ಮಕ್ಕಳಾದರು, ರೈತ ಮುದುಕನಾದ. ಅಷ್ಟರಲ್ಲಿ ಹರದಾರಿ ಆಚೆ ಹೊಳೆಗೆ ಸೇತುವೆ ಕಟ್ಟಿದರು. ದಾರಿ ಅತ್ತ ತಿರುಗಿತು. ಮುದುಕನ ಮನೆಯ ಮುಂದೆ ನಾಯಿ ಕೂಡ ಹಾಯದಂತಾಯಿತು. ಅವನು ಕೂಗುವುದನ್ನು ಬಿಡಲಿಲ್ಲ. ಕೂಗಿ, ಹೊತ್ತು ಇಳಿಯುವವರೆಗೆ ಜಗಲಿಯ ಮೇಲೆ ಕಾಯುತ್ತಿದ್ದ. ಒಳಗೆ ಮುದ್ದೆ ಆರುತ್ತಿತ್ತು. ನೀವು ಉಣ್ಣಿ ಎಂದು ಅವನೇನೋ ಹೇಳುತ್ತಿದ್ದ. ಹಿರಿಯ ಜೀವ ಉಪವಾಸ ಕೂತಿರುವಾಗ ಯಾರ ಗಂಟಲಲ್ಲಿ ತುತ್ತು ಇಳಿಯುತ್ತದೆ? ಮೊಮ್ಮಗನ ಹೆಂಡತಿ ತುಂಬಿದ ಬಸುರಿ. ಅವಳೂ ಉಣ್ಣಲಿಲ್ಲ. ಒಂದು ದಿನ ಒಲೆಯ ಮುಂದೆಯೇ ತಲೆ ತಿರುಗಿ ಬಿದ್ದಳು.

ಮೊಮ್ಮಗನಿಗೆ ಅತ್ತ ದರಿ ಇತ್ತ ಪುಲಿ. ವ್ರತ ಬಿಡು ಎಂದು ತಾತನಿಗೆ ಹೇಳುವ ಧೈರ್ಯವಿಲ್ಲ, ಹೆಂಡತಿಯ ಮುಖ ನೋಡುವ ಧೈರ್ಯವೂ ಇಲ್ಲ. ಹಿಂದಿನ ಬೀದಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಅಂಗಡಿಗೆ ಹೋಗಿ ಗುಟ್ಟಾಗಿ ಹೇಳಿದ. ದಿನವೂ ಮಧ್ಯಾಹ್ನ ದಾರಿಹೋಕನ ಹಾಗೆ ಬಂದು ಉಂಡು ಹೋಗು. ತಾತನಿಗೆ ಕಣ್ಣು ಮಂಜು. ದಿನಕ್ಕೊಂದು ಊರಿನ ಹೆಸರು ಹೇಳಿದರೆ ಸಾಕು.

ಪುಕ್ಕಟೆ ಊಟವನ್ನು ಬೇಡವೆನ್ನುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಅವನು ಒಪ್ಪಿದ. ಒಂದು ದಿನ ಮೂಡಲ ಸೀಮೆಯವನಾದ, ಇನ್ನೊಂದು ದಿನ ಪಡುವಲ ಸೀಮೆಯವನಾದ. ಸುಳ್ಳು ಹೇಳುವುದು ಅವನಿಗೆ ಹೊಸದಾಗಿರಲಿಲ್ಲ. ಸುಳ್ಳು ಹೇಳಿ ಕಾಲು ತೊಳೆಸಿಕೊಳ್ಳುವುದು ಹೊಸದು. ಮುದುಕ ನೆಲಕ್ಕೆ ಕೈಯೂರಿ ಬಗ್ಗುತ್ತಿದ್ದ. ನೀರು ಹಾಕಿ, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ತೊಳೆದು, “ದಣಿದು ಬಂದಿದ್ದೀರಿ, ಒಳಗೆ ಬನ್ನಿ” ಎನ್ನುತ್ತಿದ್ದ. ಮನೆಯಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದರು. ಬಸುರಿಯ ಮುಖಕ್ಕೆ ಕಳೆ ಬಂತು.

ವ್ಯಾಪಾರಿಗೆ ಮಾತ್ರ ಅನ್ನ ರುಚಿಸದಾಯಿತು. ಒಂದು ದಿನ ಉಂಡು ಕೈ ತೊಳೆಯುವಾಗ ಮೊಮ್ಮಗನಿಗೆ ಹೇಳಿದ: “ನಾಳೆಯಿಂದ ನಾನು ಬರಲ್ಲ ಕಣಪ್ಪ. ಆ ವಯಸ್ಸಲ್ಲಿ ಅವರು ಅಷ್ಟು ಕಷ್ಟಪಟ್ಟು ಬಗ್ತಾರೆ, ನಾನು ಕಂಬದ ಹಾಗೆ ನಿಂತು ನೋಡ್ತೀನಿ. ಹೆತ್ತ ಅಪ್ಪನ ಕಾಲನ್ನೂ ನಾನು ಹೀಗೆ ತೊಳೆದವನಲ್ಲ.”

ಹೆರಿಗೆ ಆಗುವವರೆಗಾದರೂ ಬಾ ಎಂದು ಮೊಮ್ಮಗ ಕೈ ಹಿಡಿದ. ವ್ಯಾಪಾರಿ ಕೈ ಬಿಡಿಸಿಕೊಂಡು ಹೊರಟುಹೋದ.

ಮರುದಿನ ಮುದುಕ ಕೂಗಿದ. ಯಾರೂ ಬರಲಿಲ್ಲ. ಮೊಮ್ಮಗ ಬಾಗಿಲಲ್ಲಿ ನಿಂತು ಒಮ್ಮೆ ಬೀದಿ ನೋಡಿದ, ಒಮ್ಮೆ ಒಳಗೆ ಗೋಡೆಗೊರಗಿ ಕೂತ ಹೆಂಡತಿಯನ್ನು ನೋಡಿದ. ಹೊತ್ತು ವಾಲುವಾಗ ಇಬ್ಬರು ಬಂದರು. ವ್ಯಾಪಾರಿ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ, ಸೇತುವೆಯವರೆಗೆ ನಡೆದು, ಕಂಬಳಿ ಮಾರುವವನೊಬ್ಬನನ್ನು ಊಟಕ್ಕೆಂದು ಕರೆತಂದಿದ್ದ.

ಮುದುಕ ಕಂಬಳಿಯವನ ಕಾಲು ತೊಳೆದ. ಆಮೇಲೆ ವ್ಯಾಪಾರಿಯ ಕಾಲಿಗೆ ನೀರು ಹಾಕಿದ. ಹೆಬ್ಬೆರಳು ಹಿಮ್ಮಡಿಯ ಮೇಲೆ ನಿಂತಿತು.

“ಇವತ್ತು ನಡೆದು ಬಂದಿದ್ದೀಯಪ್ಪ,” ಎಂದ.

ವ್ಯಾಪಾರಿ ಅಲ್ಲೇ ಕುಸಿದು, ಮುದುಕನ ಕೈಗಳನ್ನು ಹಣೆಗೊತ್ತಿಕೊಂಡು ಅತ್ತ. ಮೊಮ್ಮಗ, “ತಾತ, ನಿನಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದ.

“ಮೊದಲನೇ ದಿನವೇ ಗೊತ್ತಾಯ್ತು ಮಗಾ. ನೆರಳಲ್ಲಿ ಕೂತ ಕಾಲು ಯಾವುದು, ಬಿಸಿಲಲ್ಲಿ ನಡೆದ ಕಾಲು ಯಾವುದು ಅಂತ ಈ ಕೈಗೆ ತಿಳಿಯಲ್ವಾ? ವ್ರತ ಬಿಟ್ಟಿದ್ರೆ, ನಮ್ಮಿಂದ ತಾತ ವ್ರತ ಬಿಟ್ಟ ಅಂತ ನೀವು ಕೊರಗ್ತಿದ್ರಿ. ಬಿಡದೆ ಕೂತಿದ್ರೆ ಆ ಹುಡುಗಿ ಹೊಟ್ಟೆ ಸುಡ್ತಿತ್ತು. ನೀನು ಯಾರನ್ನ ಕಳಿಸಿದ್ಯೋ ಅವರ ಕಾಲು ತೊಳೆದೆ.”

ಮುದುಕ ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಮರಿಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೈ ತಡವಿ, ಸಂತೋಷವಾಗಿ ಹೋದ. ಕತೆ ಇಷ್ಟೇ.

ಗುರುಗಳು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ಮರುಳಸಿದ್ದನ ಮೊರದಲ್ಲಿ ಕಾಯಿ ಹಾಗೆಯೇ ಇತ್ತು.

“ಆ ರೈತನಿಗೆ ಗೊತ್ತಿತ್ತು, ಬುದ್ಧಿ. ನಮ್ಮ ತಾತನಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಟ್ಟವೆಂದೇ ನಂಬಿದ್ದರು.”

“ನಿಮ್ಮ ಅಂಗಳದಲ್ಲಿ ಏರು ಇದೆಯೇನಯ್ಯ? ಇಳಿಜಾರು ಇದೆಯೇ? ಆಯುಷ್ಯವೆಲ್ಲ ಆ ಬೆಟ್ಟವನ್ನು ಬರಿಗಾಲಲ್ಲಿ ಸುತ್ತಿದವರಿಗೆ, ಸುತ್ತು ಸುತ್ತಿಗೂ ತಮ್ಮದೇ ಕೊಟ್ಟಿಗೆಯ ವಾಸನೆ ಬಡಿದರೆ, ಎಲ್ಲಿದ್ದೇನೆ ಎಂದು ತಿಳಿಯದೇ? ಮನೆ ತುಂಬ ಬುದ್ಧಿವಂತರೇ ಇದ್ದೀರಿ, ಬಿಡು.”

ಮರುಳಸಿದ್ದನಿಗೆ ಅಳು ಒತ್ತಿ ಬಂತು. ತಾತ ಮೋಸ ಹೋಗಿರಲಿಲ್ಲ ಎಂಬ ನೆಮ್ಮದಿ ಅದರಲ್ಲಿತ್ತು. ಎಲ್ಲ ತಿಳಿದೂ ಅಷ್ಟು ಹೊತ್ತು ಸುಮ್ಮನೆ ಕೂತಿದ್ದರಲ್ಲ ಎಂಬ ಸಂಕಟವೂ ಇತ್ತು. ಕಣ್ಣೊರೆಸಿಕೊಂಡು ಕೇಳಿದ:

“ಬೆಟ್ಟ ಅಲ್ಲ ಅಂತ ತಿಳಿದಿದ್ದರೆ, ತಾತ ಕೈ ಮುಗಿದುಕೊಂಡು ಕೂತಿದ್ದು ಯಾರಿಗೆ, ಬುದ್ಧಿ?”

ಗುರುಗಳು ಹೇಳಿದರು: “ಪ್ರದಕ್ಷಿಣೆ ಹಾಕುವವರ ಬಲಗಡೆಗೆ ದೇವರಿರಬೇಕು, ಗಾಡಿ ಮನೆಯನ್ನು ಸುತ್ತುವಾಗ ನಿಮ್ಮ ತಾತನ ಬಲಗಡೆಗೆ ಯಾರು ಯಾರು ಕೂತಿದ್ದಿರಿ?”